ಅಮೆರಿಕದಲ್ಲಿ ವೈದ್ಯಕೀಯ ರೆಸಿಡೆನ್ಸಿ ಆಯ್ಕೆ

ವೈದ್ಯಕೀಯ ಪದವಿ ಮುಗಿಸಿದವರು ಆಸ್ಪತ್ರೆಯಲ್ಲಿ ಸಂಬಳ ಪಡೆಯುತ್ತ, ಹಿರಿಯರ ಉಸ್ತುವಾರಿಯಲ್ಲಿ ರೋಗಿಗಳನ್ನು ನೋಡುತ್ತ ಪಡೆಯುವ ತಜ್ಞ ತರಬೇತಿಗೆ ಅಮೆರಿಕದಲ್ಲಿ ರೆಸಿಡೆನ್ಸಿ ಎನ್ನುತ್ತಾರೆ. ಇಂಟರ್ನಲ್ ಮೆಡಿಸಿನ್ ಮತ್ತು ಮಕ್ಕಳ ವಿಭಾಗಗಳಲ್ಲಿ ಇದರ ಅವಧಿ 3 ವರ್ಷ, ಜನರಲ್ ಸರ್ಜರಿಯಲ್ಲಿ 5, ನರಶಸ್ತ್ರಚಿಕಿತ್ಸೆಯಲ್ಲಿ 7. ಭಾರತದಲ್ಲಿ ಸಾಮಾನ್ಯವಾಗಿ ಪಿಜಿ ಸೀಟು ನೀಟ್-ಪಿಜಿ ರ‍್ಯಾಂಕ್, ಮೀಸಲಾತಿ ಮತ್ತು ಕೌನ್ಸೆಲಿಂಗ್ ಮೂಲಕ ಸಿಗುತ್ತದೆ. ಅಮೆರಿಕದಲ್ಲಿ ಆಯಾ ವಿಭಾಗದ ವೈದ್ಯರೇ ಅರ್ಜಿ ಓದಿ, ಅಭ್ಯರ್ಥಿಯನ್ನು ಮಾತಾಡಿಸಿ ಆಯ್ಕೆ ಮಾಡುತ್ತಾರೆ.

1940ರ ದಶಕದಲ್ಲಿ ಆಸ್ಪತ್ರೆಗಳು ಒಂದನ್ನೊಂದು ಹಿಂದಿಕ್ಕುವ ಆತುರದಲ್ಲಿ, ವಿದ್ಯಾರ್ಥಿಯ ಓದು ಮುಗಿಯಲು ಎರಡು ವರ್ಷ ಇರುವಾಗಲೇ ಕೆಲಸ ಕೊಡತೊಡಗಿದ್ದವು. ಈ ಪೈಪೋಟಿಯನ್ನು ತಡೆಯಲು 1952ರಲ್ಲಿ ‘ಮ್ಯಾಚ್’ ಎಂಬ ರಾಷ್ಟ್ರೀಯ ಹೊಂದಾಣಿಕೆ ವ್ಯವಸ್ಥೆ ಜಾರಿಗೆ ಬಂತು. ಅಭ್ಯರ್ಥಿಗಳೂ ಆಸ್ಪತ್ರೆಗಳೂ ತಮ್ಮ ಆದ್ಯತೆಯ ಪಟ್ಟಿಯನ್ನು ಗುಟ್ಟಾಗಿ ಸಲ್ಲಿಸುತ್ತಾರೆ. ಗಣಕಯಂತ್ರ ಎರಡನ್ನೂ ಹೊಂದಿಸುತ್ತದೆ. ಮಾರ್ಚ್‌ನಲ್ಲಿ ಫಲಿತಾಂಶ ಹೊರಬೀಳುತ್ತದೆ. ಅಭ್ಯರ್ಥಿಯ ಇಷ್ಟಕ್ಕೆ ಮೊದಲ ಮನ್ನಣೆ ಸಿಗುವಂತೆ ಇದರ ಗಣಿತಸೂತ್ರವನ್ನು 1990ರ ದಶಕದಲ್ಲಿ ಪರಿಷ್ಕರಿಸಿದ ಆಲ್ವಿನ್ ರಾತ್, ಇಂಥ ಹೊಂದಾಣಿಕೆಗಳ ಕುರಿತ ಕೆಲಸಕ್ಕಾಗಿ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಆಯ್ಕೆಯಲ್ಲಿ ಎರಡು ಘಟ್ಟಗಳಿದ್ದು, ಎರಡರಲ್ಲೂ ತೂಗುವ ಗುಣಗಳು ಬೇರೆಬೇರೆ. ಇದನ್ನು ತಿಳಿಯದೆ ಅಂಕದ ಬೆನ್ನು ಹತ್ತುವವರೇ ಹೆಚ್ಚು.

ಸಂದರ್ಶನಕ್ಕೆ ಕರೆಯುವ ಘಟ್ಟದಲ್ಲಿ ಕಾಗದಪತ್ರಗಳದೇ ಮಾತು. ಕೆಲವೇ ಸೀಟುಗಳಿಗೆ ಸಾವಿರಾರು ಅರ್ಜಿಗಳು ಬರುವುದರಿಂದ ಯುಎಸ್‌ಎಂಎಲ್‌ಇ ಅಂಕ ಜರಡಿಯಾಯಿತು. ಆ ಪರೀಕ್ಷೆ ಇರುವುದು ವೈದ್ಯರಿಗೆ ಲೈಸೆನ್ಸ್ ಕೊಡಲು. ಅದನ್ನು ಜರಡಿಯಾಗಿ ಬಳಸಿದ್ದರಿಂದ ವಿದ್ಯಾರ್ಥಿಗಳು ವಾರ್ಡ್ ಬಿಟ್ಟು ಪುಸ್ತಕಕ್ಕೆ ಅಂಟಿಕೊಂಡರು. 2022ರ ಜನವರಿಯಿಂದ ಮೊದಲ ಹಂತದ ಪರೀಕ್ಷೆಗೆ ಪಾಸು-ಫೇಲು ಮಾತ್ರ ಉಳಿಯಿತು. ಅದರಿಂದ ಹೊರೆ ತಗ್ಗಲಿಲ್ಲ, ಎರಡನೆಯ ಹಂತಕ್ಕೆ ಜರುಗಿತು. ಡೀನ್ ಕಚೇರಿಯ ಪತ್ರ ವಿದ್ಯಾರ್ಥಿಯನ್ನು ಸಹಪಾಠಿಗಳ ನಡುವೆ ಇಟ್ಟು ತೋರಿಸುತ್ತದೆ. ಫೇಲಾದ ಪರೀಕ್ಷೆ, ಕಾರಣ ಹೇಳದ ಖಾಲಿ ವರ್ಷ, ನಡತೆಯ ಬಗ್ಗೆ ಒಂದು ಟಿಪ್ಪಣಿ ಇದ್ದರೂ ಅರ್ಜಿ ಅಲ್ಲಿಗೇ ನಿಲ್ಲಬಹುದು.

ಶಿಫಾರಸು ಪತ್ರವನ್ನು ನೋಡುವ ಹಕ್ಕನ್ನು ಅಭ್ಯರ್ಥಿ ಸಾಮಾನ್ಯವಾಗಿ ಬಿಟ್ಟುಕೊಡುತ್ತಾನೆ, ಬರೆಯುವವರು ಮುಕ್ತವಾಗಿ ಬರೆಯಲಿ ಎಂದು. ಆದರೂ ಪತ್ರಗಳೆಲ್ಲ ಹೊಗಳಿಕೆಯಿಂದಲೇ ತುಂಬಿರುತ್ತವೆ. ಹೀಗಾಗಿ ಅನುಭವಿ ಓದುಗರು ವಿಶೇಷಣಗಳನ್ನು ದಾಟಿ ಘಟನೆಯನ್ನು ಹುಡುಕುತ್ತಾರೆ: ರಾತ್ರಿ ಪಾಳಿಯಲ್ಲಿ ರೋಗಿಯ ಸ್ಥಿತಿ ಕೆಟ್ಟಾಗ ಈತ ಹಿರಿಯರನ್ನು ಹೊತ್ತಿಗೆ ಸರಿಯಾಗಿ ಕರೆದನೇ? ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದನೇ? ಅಂಥ ಒಂದು ಸಾಲು ‘ಅತ್ಯುತ್ತಮ’ ಎಂಬ ಹತ್ತು ಪದಗಳಿಗಿಂತ ಬೆಲೆಯುಳ್ಳದ್ದು. ಸಂಶೋಧನಾ ಲೇಖನಗಳು ಚರ್ಮರೋಗ, ನರಶಸ್ತ್ರಚಿಕಿತ್ಸೆಯಂಥ ಪೈಪೋಟಿಯ ವಿಭಾಗಗಳಲ್ಲಿ ಹೆಚ್ಚು ತೂಗುತ್ತವೆ. ಈಚೆಗೆ ಅಭ್ಯರ್ಥಿ ತನಗೆ ನಿಜವಾಗಿ ಬೇಕಾದ ಕೆಲವು ಆಸ್ಪತ್ರೆಗಳಿಗೆ ‘ಸಿಗ್ನಲ್’ ಕಳಿಸುವ ಪದ್ಧತಿಯೂ ಇದೆ. ಕಿವಿ-ಮೂಗು-ಗಂಟಲು ವಿಭಾಗ ಇದನ್ನು 2020ರಲ್ಲಿ ಆರಂಭಿಸಿತು.

ಸಂದರ್ಶನದ ನಂತರ ಅಂಕದ ತೂಕ ಇಳಿಯುತ್ತದೆ. ಮ್ಯಾಚ್ ಸಂಸ್ಥೆ ತರಬೇತಿ ನಿರ್ದೇಶಕರನ್ನು ಕೇಳಿ ನಡೆಸುವ ಸಮೀಕ್ಷೆಗಳಲ್ಲಿ, ಅಂತಿಮ ಪಟ್ಟಿಗೆ ಮುಖ್ಯವೆಂದು ಎದ್ದು ಕಾಣುವುದು ಪ್ರಾಧ್ಯಾಪಕರೊಂದಿಗೂ ಈಗಿರುವ ರೆಸಿಡೆಂಟರೊಂದಿಗೂ ಅಭ್ಯರ್ಥಿ ಬೆರೆತ ರೀತಿ. ಇದು ಸರಿಯೇ, ವರ್ಷಗಟ್ಟಲೆ ಹಗಲುರಾತ್ರಿ ಜೊತೆಗೆ ದುಡಿಯಬೇಕಾದವರು ಅವರೇ. ಆದರೆ ನಮ್ಮಂಥವರೇ ಬರಲಿ ಎಂಬ ಒಳಗಿನ ಒಲವು ನುಸುಳುವ ಜಾಗವೂ ಇದೇ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವ ಕ್ರಮವನ್ನು ಕೆಲವು ವಿಭಾಗಗಳು ಅದಕ್ಕಾಗಿಯೇ ತಂದಿವೆ. ಮ್ಯಾಚ್ ನಿಯಮದಂತೆ, ತಮಗೆ ಎಷ್ಟನೆಯ ಸ್ಥಾನ ಕೊಡುವೆ ಎಂದು ಹೇಳುವಂತೆ ಆಸ್ಪತ್ರೆಗಳು ಅಭ್ಯರ್ಥಿಯನ್ನು ಒತ್ತಾಯಿಸುವ ಹಾಗಿಲ್ಲ.

ಬೆಂಗಳೂರು, ಮಣಿಪಾಲ, ಮೈಸೂರಿನ ಕಾಲೇಜುಗಳೂ ಸೇರಿದಂತೆ ಹೊರದೇಶಗಳಲ್ಲಿ ಓದಿದವರಿಗೆ ಮೊದಲು ಅರ್ಹತೆಯನ್ನು ದೃಢಪಡಿಸುವ ಇಸಿಎಫ್‌ಎಂಜಿ ಪ್ರಮಾಣಪತ್ರ ಬೇಕು. ಅಮೆರಿಕದ ಎಂ.ಡಿ. ಕಾಲೇಜುಗಳ ಅಂತಿಮ ವರ್ಷದ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 93ರಷ್ಟು ಮಂದಿಗೆ ಸ್ಥಾನ ಸಿಕ್ಕರೆ, ಅಲ್ಲಿನ ಪೌರರಲ್ಲದ ಹೊರದೇಶದ ಪದವೀಧರರಲ್ಲಿ ಶೇ. 60ರ ಆಸುಪಾಸಿನವರಿಗೆ ಸಿಗುತ್ತದೆ. ಪದವಿ ಮುಗಿದು ಹಲವು ವರ್ಷ ಕಳೆದಿದ್ದರೆ ಅನೇಕ ಆಸ್ಪತ್ರೆಗಳು ಅರ್ಜಿಯನ್ನು ತೆರೆಯುವುದೇ ಇಲ್ಲ. ಅಮೆರಿಕದ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಅಲ್ಲಿನ ವೈದ್ಯರಿಂದ ತಂದ ಪತ್ರಕ್ಕೆ ಊರಿನ ಪತ್ರಕ್ಕಿಂತ ಬೆಲೆ ಹೆಚ್ಚು. ಕೊನೆಗೆ ವೀಸಾ: ಕೆಲವು ಆಸ್ಪತ್ರೆಗಳು ಜೆ-1 ವೀಸಾದವರನ್ನು ಮಾತ್ರ ತೆಗೆದುಕೊಳ್ಳುತ್ತವೆ, ಕೆಲವು ವೀಸಾ ಬೇಕಾದ ಯಾರನ್ನೂ ತೆಗೆದುಕೊಳ್ಳುವುದಿಲ್ಲ. ಜೆ-1 ಮೇಲೆ ಹೋದವರು ತರಬೇತಿಯ ಬಳಿಕ ಎರಡು ವರ್ಷ ಸ್ವದೇಶದಲ್ಲಿರಬೇಕು, ಇಲ್ಲವೇ ವಿನಾಯಿತಿ ಪಡೆದು ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ಸೇವೆ ಸಲ್ಲಿಸಬೇಕು.