ಕಾಗುಣಿತ, ಒತ್ತು, ಓದು: ಕನ್ನಡದಲ್ಲಿ ಡಿಸ್ಲೆಕ್ಸಿಯಾ ಸಂಶೋಧನೆ

ಕನ್ನಡ ವರ್ಣಮಾಲೆಯಲ್ಲಿರುವುದು 49 ಅಕ್ಷರ. ಆದರೆ 34 ವ್ಯಂಜನಗಳ ಕಾಗುಣಿತವೇ ನಾನೂರು ರೂಪಗಳನ್ನು ದಾಟುತ್ತದೆ, ಒತ್ತಕ್ಷರಗಳು ಬೇರೆ. 'ಸೂರ್ಯ' ಎಂಬಲ್ಲಿ ರಕಾರದ ಸದ್ದು ಯಕಾರಕ್ಕಿಂತ ಮೊದಲು ಬರುತ್ತದೆ, ಅದರ ಗುರುತಾದ ಅರ್ಕಾವತ್ತು ಮಾತ್ರ ಯಕಾರದ ನಂತರ ಕೂರುತ್ತದೆ. ಓದಿನ ತೊಡಕನ್ನು ಕುರಿತ ಹಳೆಯ ಸಿದ್ಧಾಂತಗಳು ಇಂಥ ಲಿಪಿಯನ್ನು ಎಣಿಕೆಗೆ ತೆಗೆದುಕೊಂಡಿರಲಿಲ್ಲ.

'ಡಿಸ್ಲೆಕ್ಸಿಯಾ' ಪದವನ್ನು 1880ರ ದಶಕದಲ್ಲಿ ಬಳಕೆಗೆ ತಂದವರು ಜರ್ಮನಿಯ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಎಲ್ಲದರಲ್ಲೂ ಚುರುಕಾಗಿದ್ದು ಓದಲು ಮಾತ್ರ ಬಾರದ 14 ವರ್ಷದ ಹುಡುಗನನ್ನು ಕುರಿತು ಬರೆದರು. ದೋಷ ಕಣ್ಣಿನದೆಂಬ ಎಣಿಕೆ ಬಹುಕಾಲ ಉಳಿಯಿತು. 1970ರ ದಶಕದಿಂದ ಗಮನ ಕಿವಿಯ ಕಡೆ, ಅಂದರೆ ಮಾತನ್ನು ಬಿಡಿ ಸದ್ದುಗಳಾಗಿ ಒಡೆಯುವ ಸಾಮರ್ಥ್ಯದ ಕಡೆ ಹೊರಳಿತು.

ಓದಿನ ತೊಡಕಿಗೆ ಈ ಸಾಮರ್ಥ್ಯದ ಕೊರತೆಯೇ ಮೂಲವೆಂಬ ವಾದವನ್ನು ಕನ್ನಡದಲ್ಲಿ ಒರೆಗೆ ಹಚ್ಚಿದವರಲ್ಲಿ ಮೈಸೂರಿನ ಪಿ. ಪ್ರಕಾಶ್ ಮತ್ತು ಪ್ರತಿಭಾ ಕಾರಂತ್ ಮುಖ್ಯರು. 'ಕಾಗೆ'ಯಿಂದ 'ಕಾ' ತೆಗೆಯೆಂದರೆ ಮಗು 'ಗೆ' ಎನ್ನುತ್ತದೆ. ಬರೀ 'ಕ್' ಸದ್ದನ್ನು ತೆಗೆದು 'ಆಗೆ' ಎನ್ನುವುದಕ್ಕೆ ತಡವರಿಸುತ್ತದೆ. ಕನ್ನಡವನ್ನು ಚೆನ್ನಾಗಿ ಓದುವ ಮಕ್ಕಳಿಗೂ ಇದು ಕಷ್ಟವೆಂದು 1993ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಇಂಗ್ಲಿಷಿನ ಅಳತೆಗೋಲನ್ನು ಹಾಗೇ ತಂದಿದ್ದರೆ ಅರ್ಧ ತರಗತಿಗೆ ಡಿಸ್ಲೆಕ್ಸಿಯಾ ಹಣೆಪಟ್ಟಿ ಅಂಟುತ್ತಿತ್ತು.

ಸಂಶೋಧಕಿ ಸೊನಾಲಿ ನಾಗ್ 2007ರ ಲೇಖನದಲ್ಲಿ ಇದನ್ನು ಇನ್ನಷ್ಟು ಬೆಳೆಸಿದರು. ಅಕ್ಷರ ಕಲಿಕೆ ಒಂದನೇ ತರಗತಿಗೆ ಮುಗಿಯದೆ ಮೂರು, ನಾಲ್ಕನೆಯವರೆಗೂ ಸಾಗುತ್ತದೆ. ಬಿಡಿಸದ್ದಿನ ಅರಿವು ನಿಧಾನವಾಗಿ ಮೂಡುತ್ತದೆ. ಮಾರ್ಗರೆಟ್ ಸ್ನೋಲಿಂಗ್ ಜೊತೆಗಿನ 2011ರ ಅಧ್ಯಯನದಲ್ಲಿ, ಓದಿನಲ್ಲಿ ಹಿಂದುಳಿದ ಕನ್ನಡದ ಮಕ್ಕಳಿಗೆ ಸದ್ದುಗಳನ್ನು ಬಿಡಿಸುವುದು ಕಷ್ಟವಾಗುವುದು ಕಂಡಿತು. ಹಾಗಾಗಿ ಹಳೆಯ ಸಿದ್ಧಾಂತ ಪೂರ್ತಿ ಬಿದ್ದುಹೋಗಲಿಲ್ಲ. ಕನ್ನಡದಲ್ಲಿ ಸದ್ದಿನ ಜೊತೆ ಅಕ್ಷರರೂಪಗಳ ರಾಶಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು.

ಪರೀಕ್ಷಾ ಸಾಧನಗಳೂ ಬಂದವು. ಬೆಂಗಳೂರಿನ ನಿಮ್ಹಾನ್ಸ್ ಕಲಿಕಾ ನ್ಯೂನತೆಗೆಂದು ರೂಪಿಸಿದ ಸೂಚಿ ಇಂದಿಗೂ ಬಳಕೆಯಲ್ಲಿದೆ. ಕಾನೂನು ತಡವಾಗಿ ಎಚ್ಚೆತ್ತಿತು: 1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯ ಹೆಸರಿರಲಿಲ್ಲ, 2016ರ ಕಾಯ್ದೆಯ 21 ಬಗೆಗಳಲ್ಲಿ ಸೇರಿತು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂಥ ಆಂಧ್ರದ ಗಡಿಸೀಮೆಯಲ್ಲಿ ಡಿಸ್ಲೆಕ್ಸಿಯಾ ಗುರುತಿಸುವ ಪ್ರಶ್ನೆ ಇನ್ನೂ ತೊಡಕಿನದು. ಇಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಕೆಲವರದು ದಖನಿ ಉರ್ದು. ಶಾಲೆಯ ಪಠ್ಯ ಕನ್ನಡ. ಬರೆದಂತೆ ಓದುವ ಲಿಪಿಯಾದ್ದರಿಂದ ಕಾಗುಣಿತ ಬಂದ ಮಗು ಅರ್ಥ ತಿಳಿಯದೆಯೂ ಪಾಠವನ್ನು ಗಟ್ಟಿಯಾಗಿ ಓದಿ ಮುಗಿಸಬಲ್ಲದು, ಅದರ ಕೊರತೆ ಯಾರ ಕಣ್ಣಿಗೂ ಬೀಳದು. ಇನ್ನೊಂದು ಮಗು ಕನ್ನಡದ ಪದ ಗೊತ್ತಿಲ್ಲದೆ ತಡೆದರೆ 'ದಡ್ಡ' ಎನಿಸಿಕೊಳ್ಳುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಎಂಬ ಕಲಿಕಾ ಪದ್ಧತಿ, ಅ ಆ ಇ ಈ ಸಾಲನ್ನು ಬಿಟ್ಟು ರ, ಗ, ಸ, ದಗಳಿಂದ ಶುರುಮಾಡಿ ಮಗುವಿನ ಕೈಗೆ ಬೇಗ ಪದ ಕೊಡುತ್ತದೆ. ಆ ಪದ ಮನೆಯಲ್ಲಿ ಕೇಳದ್ದಾದರೆ ಅನುಕೂಲ ಅಷ್ಟಕ್ಕಷ್ಟೆ. ತೊಡಕು ಮಿದುಳಿನದೋ ಮಾತಿನದೋ ಎಂದು ತಿಳಿಯಲು ಅಂಥ ಮಗುವನ್ನು ಮನೆಮಾತಿನಲ್ಲೂ ಪರೀಕ್ಷಿಸಬೇಕಾಗುತ್ತದೆ.