ಪ್ಲಗ್ ಕಿತ್ತರೂ ಆರದ ಅಪಾಯ: ಹಳೆಯ ಪ್ರೊಜೆಕ್ಷನ್ ಟಿವಿಗಳ ದುರಸ್ತಿ

ದೊಡ್ಡ ಪಿಕ್ಚರ್ ಟ್ಯೂಬ್ ತಯಾರಿಕೆ ಕಷ್ಟವಾಗಿದ್ದ 1940ರ ದಶಕದ ಕೊನೆಯಲ್ಲಿ ಅಮೆರಿಕದ ಆರ್‌ಸಿಎ, ಹಾಲೆಂಡಿನ ಫಿಲಿಪ್ಸ್ ಕಂಪನಿಗಳು ಪ್ರೊಜೆಕ್ಷನ್ ಟಿವಿಗಳನ್ನು ರೂಪಿಸಿದವು. ಫಿಲಿಪ್ಸ್‌ನ 'ಪ್ರೊಟೆಲ್‌ಗ್ರಾಂ' ವ್ಯವಸ್ಥೆಯಲ್ಲಿ ಕೇವಲ ಎರಡೂವರೆ ಇಂಚಿನ ಟ್ಯೂಬಿನ ಬಿಂಬವನ್ನು ಗೋಳಾಕಾರದ ಕನ್ನಡಿಯು ಹಿಗ್ಗಿಸಿ ಪರದೆಗೆ ಬೀರುತ್ತದೆ. ಅಷ್ಟು ಪ್ರಖರ ಬೆಳಕಿಗೆ 25 ಸಾವಿರ ವೋಲ್ಟ್ ಬೇಕು.

ಇಂದು ಸಂಗ್ರಾಹಕರ ಸ್ವತ್ತಾಗಿರುವ ಇವುಗಳ ದುರಸ್ತಿಗೆ ಇಳಿಯುವವರು ಮೊದಲು ಅರಿಯಬೇಕಾದ ಸಂಗತಿಯೆಂದರೆ, ಪ್ಲಗ್ ಕಿತ್ತ ಮಾತ್ರಕ್ಕೆ ಅಪಾಯ ಕಳೆಯದು. ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಒಮ್ಮೆ ಬರಿದು ಮಾಡಿದರೂ ಕೆಲ ನಿಮಿಷಗಳಲ್ಲಿ ಅದರ ಒಂದಂಶ ಮರಳಿ ತಲೆಯೆತ್ತುತ್ತದೆ. ಆದ್ದರಿಂದ ತಂತಿಯ ಒಂದು ತುದಿಯನ್ನು ಮೊದಲೇ ಚಾಸಿಗೆ ಬಿಗಿದು, ಇನ್ನೊಂದನ್ನು ಉದ್ದನೆಯ ನಿರೋಧಕ ಕೋಲಿನಿಂದ ಹಿಡಿದು, ಹೈವೋಲ್ಟೇಜ್ ರೆಸಿಸ್ಟರ್ ಮೂಲಕ ಎರಡು ಮೂರು ಬಾರಿ ಡಿಸ್ಚಾರ್ಜ್ ಮಾಡಬೇಕು. ಕೆಲಸ ಮುಗಿಯುವವರೆಗೆ ಆ ತಂತಿ ಅಲ್ಲೇ ಇರಲಿ. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವುದು ಜಾಣತನವಲ್ಲ. ಮಾಮೂಲಿ ಮಲ್ಟಿಮೀಟರ್‌ನಿಂದ ಈ ವೋಲ್ಟೇಜನ್ನು ಅಳೆಯಲಾಗದು. ಅದಕ್ಕೆಂದೇ ಇರುವ ಪ್ರೋಬ್ ಅಗತ್ಯ.

ದಶಕಗಳಿಂದ ಮೂಲೆ ಸೇರಿದ್ದ ಸೆಟ್ಟನ್ನು ನೇರವಾಗಿ ಚಾಲೂ ಮಾಡುವುದೂ ತಪ್ಪು. ಕೆಟ್ಟ ಕೆಪಾಸಿಟರ್‌ನಿಂದ ಸ್ಕ್ಯಾನಿಂಗ್ ನಿಂತುಹೋದರೆ ಕಿರಣವು ಒಂದೇ ಕಡೆ ಬಿದ್ದು ಟ್ಯೂಬಿನ ಫಾಸ್ಫರ್ ಲೇಪವನ್ನು ಕ್ಷಣದಲ್ಲಿ ಸುಡುತ್ತದೆ. ಬದಲಿ ಟ್ಯೂಬ್ ದೊರಕುವುದು ದುರ್ಲಭ. ಇಷ್ಟು ವೋಲ್ಟೇಜಿನಲ್ಲಿ ಟ್ಯೂಬ್ ಎಕ್ಸ್-ಕಿರಣವನ್ನೂ ಸೂಸುವುದರಿಂದ, ಲೋಹದ ಕವಚ ತೆಗೆದು ಸೆಟ್ ಚಾಲೂ ಮಾಡಬಾರದು.