ಸನ್ಯಾಸಿನಿಯರಲ್ಲಿ ಅಪರೂಪವಾಗಿದ್ದ ಕ್ಯಾನ್ಸರ್

1842ರಲ್ಲಿ ಇಟಲಿಯ ಡೊಮೆನಿಕೊ ರಿಗೋನಿ-ಸ್ಟರ್ನ್ ಎಂಬ ವೈದ್ಯ ವೆರೋನಾ ನಗರದ ಮರಣ ದಾಖಲೆಗಳ ಲೆಕ್ಕ ಹಾಕಿದರು. 1760ರಿಂದ 1839ರವರೆಗಿನ ಆ ದಾಖಲೆಗಳಿಂದ ಒಂದು ವಿಚಿತ್ರ ಸಂಗತಿ ಹೊರಬಿತ್ತು. ಗರ್ಭಕೋಶದ ಕ್ಯಾನ್ಸರಿನಿಂದ ಸತ್ತವರಲ್ಲಿ ವಿವಾಹಿತೆಯರು, ವಿಧವೆಯರೇ ಹೆಚ್ಚು. ಕ್ರೈಸ್ತ ಸನ್ಯಾಸಿನಿಯರು ತೀರ ವಿರಳ. ಈ ರೋಗಕ್ಕೂ ಲೈಂಗಿಕ ಸಂಪರ್ಕಕ್ಕೂ ಏನೋ ನಂಟಿರಬೇಕೆಂಬ ಗುಮಾನಿಗೆ ಇದು ಆಧಾರವಾಯಿತು. ಆದರೆ ಆ ನಂಟು ಯಾವುದೆಂದು ತಿಳಿಯಲು ಮತ್ತೂ ನೂರನಲವತ್ತು ವರ್ಷ ಬೇಕಾಯಿತು.

ಕಾರಣ ತಿಳಿಯುವ ಮೊದಲೇ ಪತ್ತೆಯ ದಾರಿ ಸಿಕ್ಕಿತು. ಅಮೆರಿಕದಲ್ಲಿ ನೆಲೆಸಿದ್ದ ಗ್ರೀಕ್ ವೈದ್ಯ ಜಾರ್ಜ್ ಪಾಪನಿಕೊಲೌ, ಗರ್ಭಕಂಠದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವನ್ನು ಮೊದಲ ಹಂತದಲ್ಲೇ ಗುರುತಿಸಬಹುದೆಂದು 1940ರ ದಶಕದಲ್ಲಿ ತೋರಿಸಿಕೊಟ್ಟರು. ಅದೇ 'ಪ್ಯಾಪ್' ಪರೀಕ್ಷೆ.

ಕಾರಣದ ಹುಡುಕಾಟ ಮಾತ್ರ ಹಾದಿ ತಪ್ಪಿತ್ತು. 1970ರ ದಶಕದಲ್ಲಿ ಹೆಚ್ಚಿನ ವಿಜ್ಞಾನಿಗಳು ಹರ್ಪಿಸ್ ವೈರಸ್ಸನ್ನು ಶಂಕಿಸಿದ್ದರು. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಇದನ್ನೊಪ್ಪದೆ, ನರಹುಲಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್ಸುಗಳ ಬೆನ್ನುಹತ್ತಿದರು. 1983ರಲ್ಲಿ ಅವರ ತಂಡ ಕ್ಯಾನ್ಸರ್ ಗಡ್ಡೆಗಳಲ್ಲಿ ಎಚ್‌ಪಿವಿ 16ನೇ ಬಗೆಯನ್ನೂ, ಮರುವರ್ಷ 18ನೇ ಬಗೆಯನ್ನೂ ಗುರುತಿಸಿತು. ಗರ್ಭಕಂಠದ ಕ್ಯಾನ್ಸರ್ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತಕ್ಕೆ ಇವೆರಡೇ ಮೂಲ. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಹಾಗೆಂದು ಸೋಂಕು ತಗಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಬಹುಪಾಲು ಸೋಂಕುಗಳನ್ನು ದೇಹವೇ ಒಂದೆರಡು ವರ್ಷಗಳಲ್ಲಿ ತೊಡೆದುಹಾಕುತ್ತದೆ. ಹಾಗಾಗದೆ ಉಳಿದುಕೊಂಡ ವೈರಸ್, ಜೀವಕೋಶಗಳು ಅಂಕೆಮೀರಿ ಬೆಳೆಯದಂತೆ ಕಾಯುವ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಅದು ಕ್ಯಾನ್ಸರ್ ಆಗಿ ಬಲಿಯಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ. ರೋಗಿಯ ನಡತೆಯನ್ನು ಶಂಕಿಸುವುದರಲ್ಲಿ ಅರ್ಥವಿಲ್ಲ. ಜೀವನವಿಡೀ ಒಬ್ಬನೇ ಪತಿಯೊಡನೆ ಬಾಳಿದವಳಿಗೂ ಈ ಸೋಂಕು ತಗಲಬಹುದು. ಇಂಥ ಅಪವಾದದ ಅಂಜಿಕೆಯಿಂದಲೇ ಎಷ್ಟೋ ಹೆಂಗಸರು ಪರೀಕ್ಷೆಗೆ ಹಿಂಜರಿಯುತ್ತಾರೆ.

ಈ ಹಿಂಜರಿಕೆಗೆ ತೆರಬೇಕಾದ ಬೆಲೆ ದೊಡ್ಡದು. ಬೀದರ್, ಕಲಬುರಗಿಗಳಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ 1.31 ಲಕ್ಷ ಗ್ರಾಮೀಣ ಮಹಿಳೆಯರನ್ನೊಳಗೊಂಡ ಅಧ್ಯಯನದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆ ನಡೆಸಿ ಚಿಕಿತ್ಸೆ ಒದಗಿಸಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದ್ದವು.

2006ರಲ್ಲಿ ಅಮೆರಿಕದಲ್ಲಿ ಮೊದಲ ಲಸಿಕೆಗೆ ಅನುಮತಿ ದೊರೆಯಿತು. 2022ರಲ್ಲಿ ಭಾರತದಲ್ಲೇ ತಯಾರಾದ ಲಸಿಕೆಗೂ ಒಪ್ಪಿಗೆ ಸಿಕ್ಕಿತು. ಲಸಿಕೆ ಸೋಂಕನ್ನು ತಡೆಯಬಲ್ಲದು, ಆಗಲೇ ತಗಲಿದ್ದನ್ನು ಗುಣಪಡಿಸಲಾರದು. ಆದ್ದರಿಂದಲೇ 9ರಿಂದ 14 ವರ್ಷದ ಹುಡುಗಿಯರಿಗೆ ಲಸಿಕೆ, ಮೂವತ್ತು ದಾಟಿದ ತಾಯಂದಿರಿಗೆ ಪರೀಕ್ಷೆ ಎಂದು ವೈದ್ಯರು ಒತ್ತಿ ಹೇಳುವುದು.